ಟ್ಯಾಂಕಿನೊಳಗೆ ಇಳಿದ ಪಂಪು

ಏಪ್ರಿಲ್ ತಿಂಗಳ ಮಧ್ಯಾಹ್ನ, ಶಿರಾಡಿಯನ್ನೋ ಚಾರ್ಮಾಡಿಯನ್ನೋ ಅರ್ಧ ಹತ್ತಿದ ಅಂಬಾಸಿಡರ್ ಎರಡು ಸಲ ಕೆಮ್ಮಿ ನಿಂತುಬಿಡುತ್ತಿತ್ತು. ಡ್ರೈವರ್ ಗಾಬರಿಯಾಗುತ್ತಿರಲಿಲ್ಲ. ಬಾನೆಟ್ ಎತ್ತಿ, ಬಟ್ಟೆ ತುಂಡೊಂದನ್ನು ನೀರಲ್ಲಿ ಅದ್ದಿ, ಎಂಜಿನ್ನಿನ ಪಕ್ಕೆಗೆ ಅಂಟಿಕೊಂಡಿದ್ದ ಮುಷ್ಟಿಗಾತ್ರದ ಡಬ್ಬಿಯ ಮೇಲೆ ಹೊದಿಸಿ, ಆಚೆ ಹೋಗಿ ಬೀಡಿ ಹಚ್ಚುತ್ತಿದ್ದ. ಬೀಡಿ ಮುಗಿಯುವಷ್ಟರಲ್ಲಿ ಗಾಡಿ ಸ್ಟಾರ್ಟ್ ಆಗುತ್ತಿತ್ತು. ‘ಏರ್ ಲಾಕ್ ಆಗಿತ್ತು ಸಾರ್’ ಎಂದರೆ ವಿವರಣೆ ಮುಗಿಯಿತು.

ಐವತ್ತು ದಾಟಿದ ಯಾರಿಗಾದರೂ ಈ ಒದ್ದೆ ಬಟ್ಟೆಯ ಚಿಕಿತ್ಸೆ ಗೊತ್ತು. ಇಂದಿನ ಕಾರಿನ ಬಾನೆಟ್ ಎತ್ತಿ ಹುಡುಕಿದರೆ ಆ ಡಬ್ಬಿಯೇ ಕಾಣದು. ಅದು ಹಿಂದಕ್ಕೆ ಹೋಗಿ ಪೆಟ್ರೋಲ್ ಟ್ಯಾಂಕಿನೊಳಗೆ, ಪೆಟ್ರೋಲಿನಲ್ಲೇ ಮುಳುಗಿ ಕೂತಿದೆ. ಎಂಜಿನ್ನಿನ ಬಿಸಿಯಿಂದ ದೂರ ಇರಲಿ ಎಂದು ಹಾಗೆ ಮಾಡಿದ್ದಾರೆ ಎನ್ನುವುದು ಅರ್ಧ ಉತ್ತರ. ಉಳಿದರ್ಧ ಬೇಕೆಂದರೆ, ಹಳೆಯ ಗಾಡಿಗೆ ಹೊಸ ಕಾಲದ ಎಂಜಿನ್ ಕೂರಿಸುವವರ ಗ್ಯಾರೇಜಿಗೆ ಹೋಗಬೇಕು. ಹಳೆಯ ಪಂಪು ಯಾಕೆ ಸಾಲದು ಎಂಬ ಪ್ರಶ್ನೆ ಅಲ್ಲಿ ಕಾಗದದ ಮೇಲಿನ ಪ್ರಶ್ನೆಯಾಗಿ ಉಳಿಯುವುದಿಲ್ಲ. ಗಾಡಿ ಓಡುವುದೇ ಇಲ್ಲ.

ಚೌಕ ಮೈಯ ಟ್ರಕ್ಕು

ಅಮೆರಿಕದಲ್ಲಿ ಪಿಕಪ್ ಗಾಡಿಗೂ ಟ್ರಕ್ಕೆಂದೇ ಹೆಸರು. 1973ರಿಂದ 1987ರವರೆಗೆ ಜನರಲ್ ಮೋಟಾರ್ಸ್ ತಯಾರಿಸಿದ ಶೆವ್ರೊಲೆ ಮತ್ತು ಜಿಎಂಸಿ ಪಿಕಪ್‌ಗಳಿಗೆ ಅಲ್ಲಿನವರು ಪ್ರೀತಿಯಿಂದ ‘ಸ್ಕ್ವೇರ್‌ಬಾಡಿ’ ಎನ್ನುತ್ತಾರೆ. ಸ್ಕೇಲ್ ಇಟ್ಟು ಗೀರಿದಂಥ ಮೈಕಟ್ಟು, ದಪ್ಪ ತಗಡು, ಬಾನೆಟ್ ಕೆಳಗೆ ಮನುಷ್ಯ ಇಳಿದು ನಿಲ್ಲುವಷ್ಟು ಜಾಗ. ಹಲವಕ್ಕೆ ಇದ್ದದ್ದು 5.7 ಲೀಟರಿನ ವಿ-8 ಎಂಜಿನ್, ಅದರ ನೆತ್ತಿಯ ಮೇಲೊಂದು ಕಾರ್ಬ್ಯುರೇಟರ್.

ಮೈ ಗಟ್ಟಿಯಿದ್ದು ಎಂಜಿನ್ ಸವೆದ ಇಂಥ ಗಾಡಿಗಳಿಗೆ ಈಗ ಬಹಳಷ್ಟು ಮಂದಿ ತಂದು ಕೂರಿಸುವುದು ಅದೇ ಕಂಪನಿಯ 5.3 ಲೀಟರಿನ ವಿ-8. 1999ರಿಂದ ಪಿಕಪ್‌ಗಳಿಗೂ ದೊಡ್ಡ ಎಸ್‌ಯುವಿಗಳಿಗೂ ಬಂದ ಎಂಜಿನ್ ಅದು; ಗುಜರಿ ಅಂಗಳಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಗಾತ್ರದಲ್ಲಿ ಹಳೆಯದಕ್ಕಿಂತ ಚಿಕ್ಕದು, ಬಲದಲ್ಲಿ ಬಹಳ ಮುಂದೆ: ಹಳೆಯದು 160 ಹಾರ್ಸ್‌ಪವರ್ ಆಸುಪಾಸಿನಲ್ಲಿ ಏದುಸಿರು ಬಿಡುತ್ತಿದ್ದರೆ ಇದು 270ರಿಂದ 285 ಕೊಡುತ್ತದೆ. ಪೆಟ್ರೋಲನ್ನು ಕಾರ್ಬ್ಯುರೇಟರ್ ಬದಲು ಕಂಪ್ಯೂಟರ್ ಹೇಳಿದಂತೆ ತೆರೆದು ಮುಚ್ಚುವ ಎಂಟು ಇಂಜೆಕ್ಟರ್‌ಗಳು ಸಿಂಪಡಿಸುತ್ತವೆ.

ಎಂಜಿನ್ ಬದಲಿಸಲು ಹೊರಟವರು ತಲೆ ಕೆಡಿಸಿಕೊಳ್ಳುವುದು ಮೌಂಟಿಂಗ್, ಗೇರ್‌ಬಾಕ್ಸ್, ವೈರಿಂಗ್ ಬಗ್ಗೆ. ಪೆಟ್ರೋಲಿನ ವಿಷಯ ಕೊನೆಗೆ. ಟ್ಯಾಂಕ್ ಇದ್ದೇ ಇದೆ, ಪೈಪ್ ಇದೆ, ಪಂಪೂ ಇದೆಯಲ್ಲ! ಪಂಪನ್ನು ಬಿಚ್ಚಿ ಹೊಸ ಎಂಜಿನ್ನಿಗೆ ಹಾಕಲು ಹೋದಾಗ ಮೊದಲ ಆಘಾತ. ಅದನ್ನು ಕೂರಿಸಲು ಈ ಎಂಜಿನ್ನಿನಲ್ಲಿ ಜಾಗವೇ ಇಲ್ಲ, ಓಡಿಸಲು ಕ್ಯಾಮ್‌ಶಾಫ್ಟಿನಲ್ಲಿ ಉಬ್ಬೂ ಇಲ್ಲ. ಹೇಗೋ ಕೂರಿಸಿದರೂ ಎರಡನೆಯ ಆಘಾತ ಕಾದಿರುತ್ತದೆ. ಹಳೆಯ ಪಂಪಿನ ಒತ್ತಡ 5ರಿಂದ 7 ಪಿಎಸ್‌ಐ. ಹೊಸ ಎಂಜಿನ್ ಕೇಳುವುದು 58.

ನಮ್ಮ ಕಾರಿನ ಟೈರಿಗೆ ಹಿಡಿಸುವ ಗಾಳಿ 32ರ ಸುಮಾರು ಎಂದು ನೆನಪಿಟ್ಟುಕೊಂಡರೆ ಈ ಎರಡು ಅಂಕಿಗಳ ನಡುವಿನ ಕಂದಕ ಅಂದಾಜಿಗೆ ಸಿಗುತ್ತದೆ.

ಪಂಪಿಲ್ಲದ ಕಾಲ

ಶುರುವಿನಲ್ಲಿ ಪಂಪೇ ಇರಲಿಲ್ಲ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಟ್ಯಾಂಕು ಸೀಟಿನ ಕೆಳಗಿತ್ತು. ಪೆಟ್ರೋಲ್ ತನ್ನ ಭಾರಕ್ಕೆ ತಾನೇ ಇಳಿದು ಎಂಜಿನ್ ಸೇರುತ್ತಿತ್ತು. ಟ್ಯಾಂಕು ಬರಿದಾಗುತ್ತ ಬಂದಾಗ ಕಡಿದಾದ ಏರು ಎದುರಾದರೆ ಎಂಜಿನ್ನೇ ಟ್ಯಾಂಕಿಗಿಂತ ಮೇಲಾಗಿ ಪೆಟ್ರೋಲ್ ನಿಂತುಹೋಗುತ್ತಿತ್ತು. ಆಗಿನವರು ಕಾರನ್ನು ತಿರುಗಿಸಿ ರಿವರ್ಸ್ ಗೇರಿನಲ್ಲಿ ಗುಡ್ಡ ಹತ್ತುತ್ತಿದ್ದರು. ನಗು ಬರುತ್ತದೆ, ಆದರೆ ಲೆಕ್ಕ ಪಕ್ಕಾ. ನಮ್ಮ ಬೈಕುಗಳಲ್ಲಿ ಬಹುಪಾಲು 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬರುವವರೆಗೂ ಹೀಗೇ ಓಡಿದವು. ಟ್ಯಾಂಕು ಮೇಲೆ, ಎಂಜಿನ್ ಕೆಳಗೆ, ನಡುವೆ ‘ರಿಸರ್ವ್’ಗೆ ತಿರುಗಿಸುವ ನಲ್ಲಿ.

ಕಾರಿನ ಟ್ಯಾಂಕು ಹಿಂದಕ್ಕೂ ಕೆಳಕ್ಕೂ ಹೋದ ಮೇಲೆ ಪಂಪು ಬೇಕಾಯಿತು. 1920ರ ದಶಕದ ಕೊನೆಯ ಹೊತ್ತಿಗೆ ಅಂಬಾಸಿಡರಿನಲ್ಲಿ ನಾವು ಕಂಡ ಆ ಡಬ್ಬಿಯ ಪೂರ್ವಜರು ಬಳಕೆಗೆ ಬಂದರು.

ಡಬ್ಬಿಯೊಳಗಿನ ಜಾಣತನ

ಈ ಡಬ್ಬಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಇಷ್ಟು ಕಡಿಮೆ ಬಿಡಿಭಾಗಗಳಲ್ಲಿ ಇಷ್ಟು ಕೆಲಸ ಮಾಡಿದ ಯಂತ್ರ ನನಗಂತೂ ಹೆಚ್ಚು ಗೊತ್ತಿಲ್ಲ.

ಒಳಗೆ ಅಡ್ಡಲಾಗಿ ಬಿಗಿದ ರಬ್ಬರಿನ ಪೊರೆಯೊಂದಿದೆ. ಮೆಕ್ಯಾನಿಕ್‌ಗಳು ಡಯಾಫ್ರಾಮ್ ಎನ್ನುವುದು ಇದಕ್ಕೇ. ಪೊರೆಯ ಕೆಳಗೆ ಸ್ಪ್ರಿಂಗು. ಮೇಲೆ ಎರಡು ಒಮ್ಮುಖ ಬಾಗಿಲು: ಒಂದು ಪೆಟ್ರೋಲನ್ನು ಒಳಕ್ಕೆ ಮಾತ್ರ ಬಿಡುತ್ತದೆ, ಇನ್ನೊಂದು ಹೊರಕ್ಕೆ ಮಾತ್ರ. ಎಂಜಿನ್ನಿನ ಕ್ಯಾಮ್‌ಶಾಫ್ಟ್ ಮೇಲಿನ ಉಬ್ಬು ಸುತ್ತಿಗೊಮ್ಮೆ ಸನ್ನೆಯನ್ನು ಒತ್ತುತ್ತದೆ, ಸನ್ನೆ ಪೊರೆಯನ್ನು ಕೆಳಗೆ ಎಳೆಯುತ್ತದೆ. ಆಗ ಟ್ಯಾಂಕಿನ ಕಡೆಯ ಬಾಗಿಲು ತೆರೆದು ಪೆಟ್ರೋಲ್ ಒಳಬರುತ್ತದೆ. ಸನ್ನೆ ಬಿಟ್ಟಾಗ ಸ್ಪ್ರಿಂಗು ಪೊರೆಯನ್ನು ಮೇಲೆ ನೂಕುತ್ತದೆ, ಪೆಟ್ರೋಲ್ ಕಾರ್ಬ್ಯುರೇಟರಿಗೆ ಹೋಗುತ್ತದೆ. ಎಂಜಿನ್ ನಿಮಿಷಕ್ಕೆ 3,000 ಸುತ್ತು ಹೊಡೆಯುವಾಗ ಕ್ಯಾಮ್‌ಶಾಫ್ಟ್ ಅದರರ್ಧ ವೇಗದಲ್ಲಿ ತಿರುಗುತ್ತದೆ. ಅಂದರೆ ಪೊರೆ ಸೆಕೆಂಡಿಗೆ 25 ಸಲ ಕುಣಿಯುತ್ತದೆ.

ಒಳಗೆಳೆಯುವುದು ಎಂಜಿನ್ನಿನ ಬಲ, ಹೊರಗೆ ನೂಕುವುದು ಬರೀ ಸ್ಪ್ರಿಂಗಿನ ಬಲ. ಆದ್ದರಿಂದ ಎಂಜಿನ್ ಎಷ್ಟೇ ಜೋರಾಗಿ ಓಡಿದರೂ ಹೊರಹೋಗುವ ಒತ್ತಡ ಸ್ಪ್ರಿಂಗು ಕೊಡುವಷ್ಟೇ, ಅದೇ 5ರಿಂದ 7. ಕಾರ್ಬ್ಯುರೇಟರಿನ ಪುಟ್ಟ ತೊಟ್ಟಿ ತುಂಬಿ ಅದರ ಸೂಜಿ ಬಾಗಿಲು ಮುಚ್ಚಿಕೊಂಡಿತು ಎನ್ನಿ. ಪೊರೆ ಮೇಲೇಳಲಾರದೆ ಕೆಳಗೇ ನಿಲ್ಲುತ್ತದೆ, ಸನ್ನೆ ಸುಮ್ಮನೆ ಗಾಳಿಯಲ್ಲಿ ಆಡುತ್ತದೆ. ಬೇಡವೆಂದಾಗ ನಿಲ್ಲು ಎಂದು ಹೇಳುವ ತಂತಿಯಿಲ್ಲ, ಸ್ವಿಚ್ಚಿಲ್ಲ, ಕಂಪ್ಯೂಟರಿಲ್ಲ.

ಶೆವ್ರೊಲೆಯ ಹಳೆಯ ವಿ-8ರಲ್ಲಿ ಕ್ಯಾಮ್‌ಶಾಫ್ಟಿಗೂ ಪಂಪಿನ ಸನ್ನೆಗೂ ನಡುವೆ ಉಕ್ಕಿನ ಕಡ್ಡಿಯೊಂದಿದೆ. ಪಂಪು ಕೂರಿಸುವಾಗ ಅದು ಪ್ರತಿಸಲವೂ ಕೆಳಗೆ ಜಾರಿ ಸನ್ನೆಗೆ ಅಡ್ಡ ಬರುತ್ತದೆ. ಬಲ್ಲವರು ಕಡ್ಡಿಗೆ ದಪ್ಪ ಗ್ರೀಸ್ ಮೆತ್ತಿ ಮೇಲೆ ತಳ್ಳುತ್ತಾರೆ. ಅದು ಅಂಟಿಕೊಂಡಿರುವ ಅರೆಕ್ಷಣದಲ್ಲಿ ಪಂಪನ್ನು ಒತ್ತಿ ಬೋಲ್ಟ್ ಹಿಡಿಸಿಬಿಡಬೇಕು.

ಇಂಥ ಜಾಣ ಡಬ್ಬಿ ಬೇಸಿಗೆಯಲ್ಲಿ ಸೋತದ್ದು ಎಲ್ಲಿ? ಎಳೆಯುವ ಕೆಲಸದಲ್ಲಿ.

ಬಾವಿಯ ದಡದಲ್ಲಿ ಕೂತ ಮೋಟಾರು

ತೆರೆದ ಬಾವಿಗೆ ಮೋಟಾರು ಇಟ್ಟ ರೈತರಿಗೆ ಒಂದು ಸಂಗತಿ ಯಾವ ಪುಸ್ತಕವೂ ಇಲ್ಲದೆ ಗೊತ್ತು. ದಡದ ಮೇಲಿನ ಪಂಪು ಏಳೆಂಟು ಮೀಟರ್ ಆಳದವರೆಗೆ ಚೆನ್ನಾಗಿ ನೀರೆತ್ತುತ್ತದೆ. ನೀರು ಅದಕ್ಕಿಂತ ಕೆಳಗಿಳಿದರೆ ಮೋಟಾರು ಎಷ್ಟು ಹಾರ್ಸ್‌ಪವರಿನದಾದರೂ ಒಂದು ಹನಿ ಬರದು. ಆಗ ಬಾವಿಯೊಳಗೆ ಅಟ್ಟ ಕಟ್ಟಿ ಪಂಪನ್ನೇ ಕೆಳಗಿಳಿಸುತ್ತಿದ್ದರು. ಬೋರ್‌ವೆಲ್ ಕಾಲದಲ್ಲಿ ಮೋಟಾರು ಸಮೇತ ಪಂಪನ್ನು ನೀರಿನೊಳಗೇ ಬಿಟ್ಟರು. ಅದೇ ಸಬ್‌ಮರ್ಸಿಬಲ್. ಕೋಲಾರದ ಕಡೆ ಸಾವಿರ ಅಡಿ ಆಳದಿಂದಲೂ ಅದು ನೀರು ತರುತ್ತದೆ. ಎಂಟು ಮೀಟರಿಗೆ ಸೋಲುವುದೂ ಪಂಪೇ, ಮುನ್ನೂರು ಮೀಟರಿನಿಂದ ತರುವುದೂ ಪಂಪೇ. ಬದಲಾದದ್ದು ಕೂತ ಜಾಗ.

ನಿಜ ಹೇಳಬೇಕೆಂದರೆ ದ್ರವವನ್ನು ಯಾರೂ ಎಳೆಯಲಾರರು. ಹಗ್ಗದ ಹಾಗೆ ತುದಿ ಹಿಡಿದು ಜಗ್ಗಲು ಅದಕ್ಕೆ ತುದಿಯೇ ಇಲ್ಲ. ಪಂಪು ಮಾಡುವುದು ತನ್ನ ಹೊಟ್ಟೆಯನ್ನು ಖಾಲಿ ಮಾಡಿಕೊಳ್ಳುವುದಷ್ಟೇ. ಬಾವಿಯ ನೀರಿನ ಮೇಲೆ ನಮ್ಮ ವಾತಾವರಣದ ಗಾಳಿ ಸದಾ ಒತ್ತುತ್ತಿರುತ್ತದೆ, ಸಮುದ್ರ ಮಟ್ಟದಲ್ಲಿ ಸುಮಾರು 14.7 ಪಿಎಸ್‌ಐ. ಪಂಪಿನ ಹೊಟ್ಟೆ ಖಾಲಿಯಾದಾಗ ಆ ಗಾಳಿಯೇ ನೀರನ್ನು ಪೈಪಿನಲ್ಲಿ ಮೇಲೆ ನೂಕುತ್ತದೆ. ಅದರ ಶಕ್ತಿಯೆಲ್ಲ ಮುಗಿಯುವುದು 10.3 ಮೀಟರಿಗೆ. ಎಳೆಯುವ ಪಂಪು ಒಂದು ಮಟ್ಟ ದಾಟಿ ನೀರೆತ್ತದ ಸೋಜಿಗವನ್ನು ಗೆಲಿಲಿಯೋ 1638ರ ತನ್ನ ಪುಸ್ತಕದಲ್ಲಿ ಬರೆದ. ಕಾರಣ ಗಾಳಿಯ ಭಾರ ಎಂದು ಪಾದರಸದ ಕೊಳವೆಯಿಂದ ತೋರಿಸಿಕೊಟ್ಟವನು 1644ರ ಹೊತ್ತಿಗೆ ಟೊರಿಚೆಲ್ಲಿ. ಏಳೆಂಟು ಮೀಟರಿಗೇ ನಮ್ಮ ಮೋಟಾರು ಕೈಚೆಲ್ಲಲು ಪೈಪಿನ ತಿಕ್ಕಾಟ, ಸಂದಿಗಳ ಸೋರಿಕೆ ಇತ್ಯಾದಿ ಕಾರಣ.

ನೂಕುವ ಪಂಪಿಗೆ ಈ ಗೋಡೆ ಇಲ್ಲ. ಮೋಟಾರಿನ ಬಲ, ಪೈಪಿನ ಗಟ್ಟಿತನ ಎಷ್ಟೋ ಅಷ್ಟು ನೂಕಬಹುದು.

ಕೈಯ ಬಿಸಿಗೇ ಕುದಿಯುವ ದ್ರವ

ಪೆಟ್ರೋಲ್ ನೀರಿಗಿಂತ ಹಗುರ. ಆ ಲೆಕ್ಕದಲ್ಲಿ ಗಾಳಿ ಅದನ್ನು ಹದಿಮೂರು ಮೀಟರಿಗೂ ಹೆಚ್ಚು ಎತ್ತರಕ್ಕೆ ನೂಕಬೇಕು. ಟ್ರಕ್ಕಿನ ಟ್ಯಾಂಕಿನಿಂದ ಎಂಜಿನ್ನಿಗಿರುವ ಎತ್ತರವೋ, ಮೊಣಕಾಲುದ್ದ. ಹಾಗಿದ್ದರೆ ತಕರಾರೇನು?

ತಕರಾರು ಪೆಟ್ರೋಲಿನ ಗುಣದಲ್ಲಿದೆ. ಅದು ಒಂದೇ ವಸ್ತುವಲ್ಲ, ನೂರಾರು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಅದರಲ್ಲಿರುವ ಪೆಂಟೇನ್ 36 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ, ಅಂದರೆ ನಮ್ಮ ಮೈಯ ಬಿಸಿಗಿಂತ ಕೆಳಗೆ. ಚಳಿಗಾಲದ ಸ್ಟಾರ್ಟಿಂಗ್‌ಗೆಂದು ಸೇರಿಸುವ ಬ್ಯುಟೇನ್ ಅಂತೂ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಕುದಿಯುವಂಥದ್ದು. ಉಳಿದ ಭಾರದ ಅಂಶಗಳ ನಡುವೆ ಸಿಕ್ಕಿಕೊಂಡು ಅವು ಹೇಗೋ ದ್ರವವಾಗಿ ಕೂತಿರುತ್ತವೆ.

ಕುದಿಯುವುದೆಂದರೆ ಒಳಗಿನ ಆವಿಯ ಒತ್ತಡ ಮೇಲಿನ ಒತ್ತಡವನ್ನು ಗೆಲ್ಲುವುದು. ಆವಿಯ ಒತ್ತಡವನ್ನು ಏರಿಸಬಹುದು, ಅದಕ್ಕೆ ಬಿಸಿ ಬೇಕು. ಇಲ್ಲವೇ ಮೇಲಿನ ಒತ್ತಡವನ್ನು ಇಳಿಸಬಹುದು, ಬೆಂಕಿಯೇ ಬೇಡ. ಅಮೆರಿಕದಲ್ಲಿ ಬೇಸಿಗೆಯಲ್ಲಿ ಮಾರುವ ಪೆಟ್ರೋಲಿಗೆ ಕಾನೂನಿನ ಸಾಮಾನ್ಯ ಮಿತಿ ಹೀಗಿದೆ: 37.8 ಡಿಗ್ರಿಯಲ್ಲಿ ಆವಿಯ ಒತ್ತಡ 9 ಪಿಎಸ್‌ಐ ಮೀರಬಾರದು. ಶೇಕಡಾ 10 ಎಥನಾಲ್ ಬೆರೆತರೆ 10ರವರೆಗೆ ರಿಯಾಯಿತಿ. ವಾತಾವರಣದ 14.7ಕ್ಕೂ ಈ 9ಕ್ಕೂ ಇರುವ ಅಂತರವೇ ಪಂಪಿಗೆ ಸಿಕ್ಕಿದ ಬಂಡವಾಳ. ಪಂಪು ಹೊಟ್ಟೆ ಖಾಲಿ ಮಾಡಿದಾಗ ಪೈಪಿನೊಳಗಿನ ಒತ್ತಡ 9ಕ್ಕೆ ಇಳಿದರೆ ಸಾಕು, ಅಲ್ಲೇ ಗುಳ್ಳೆ ಏಳುತ್ತದೆ.

ಈಗ ಘಾಟಿಯ ಲೆಕ್ಕ ಹಾಕೋಣ. ಎತ್ತರ ಏರಿದಂತೆ ಗಾಳಿಯ ಒತ್ತಡ ಇಳಿಯುತ್ತದೆ. ಬೆಂಗಳೂರಿನಲ್ಲೇ ಅದು 13ರ ಸುಮಾರು, ಅಮೆರಿಕದ ಡೆನ್ವರಿನಲ್ಲಿ 12. ಬಂಡವಾಳ ಮೇಲಿಂದ ಕರಗಿತು. ಎಂಜಿನ್ ದುಡಿದು ಕಾದಿದೆ, ಗಾಡಿ ನಿಧಾನವಾದ್ದರಿಂದ ಗಾಳಿ ಬೀಸುತ್ತಿಲ್ಲ, ಪಂಪು ಕೈ ಇಡಲಾಗದಷ್ಟು ಬಿಸಿ. ಆವಿಯ ಒತ್ತಡ ಏರಿ ಬಂಡವಾಳ ಕೆಳಗಿಂದಲೂ ಕರಗಿತು. ಸಾಲದ್ದಕ್ಕೆ ಪೊರೆ ಸೆಕೆಂಡಿಗೆ ಇಪ್ಪತ್ತು ಸಲ ಎಳೆಯುತ್ತಿದೆ. ಪಂಪಿನ ಹೊಟ್ಟೆಯಲ್ಲೇ ಪೆಟ್ರೋಲ್ ಕುದಿಯಿತು. ಪೆಂಟೇನಿನಂಥ ಹಗುರ ಅಂಶ ಆವಿಯಾದರೆ ಇನ್ನೂರು ಪಟ್ಟು ಜಾಗ ಬೇಡುತ್ತದೆ. ಪೊರೆ ಕುಣಿಯುತ್ತಲೇ ಇರುತ್ತದೆ, ಆದರೆ ಕೆಳಗೆ ಹೋದಾಗ ಆವಿ ಹಿಗ್ಗುತ್ತದೆ, ಮೇಲೆ ಬಂದಾಗ ಕುಗ್ಗುತ್ತದೆ, ಅಷ್ಟೇ. ಒಮ್ಮುಖ ಬಾಗಿಲುಗಳು ಅಲುಗುವುದೇ ಇಲ್ಲ. ಇದನ್ನು ಆವಿಗಂಟು ಎನ್ನೋಣ. ಡ್ರೈವರ್ ಏರ್ ಲಾಕ್ ಎಂದರೂ ಒಳಗೆ ಹೊರಗಿನ ಗಾಳಿ ಸೇರಿರಲಿಲ್ಲ. ಅಲ್ಲಿದ್ದದ್ದು ಪೆಟ್ರೋಲಿನದೇ ಆವಿ. ಒದ್ದೆ ಬಟ್ಟೆ ಅದನ್ನು ತಣಿಸಿ ಮತ್ತೆ ದ್ರವ ಮಾಡುತ್ತಿತ್ತು. ಔಷಧಿ ಸರಿಯಾಗಿತ್ತು, ರೋಗದ ಹೆಸರು ಮಾತ್ರ ತಪ್ಪು.

ಓಡುವಾಗ ಸುಮ್ಮನಿದ್ದ ಗಾಡಿ ಕಾಫಿಗೆ ನಿಲ್ಲಿಸಿ ಬಂದ ಮೇಲೆ ಸ್ಟಾರ್ಟ್ ಆಗದೆ ಸತಾಯಿಸುತ್ತಿದ್ದುದೂ ಇದರಿಂದಲೇ. ಫ್ಯಾನ್ ನಿಂತು, ತಂಪು ಪೆಟ್ರೋಲಿನ ಹರಿವೂ ನಿಂತು, ಎಂಜಿನ್ನಿನ ಕಾವೆಲ್ಲ ಪಂಪಿಗೆ ಏರುತ್ತಿತ್ತು.

58 ಏಕೆ?

ಕಾರ್ಬ್ಯುರೇಟರಿಗೆ ಪಂಪಿನಿಂದ ಬೇಕಾದದ್ದು ತೊಟ್ಟಿ ತುಂಬಿಸುವ ಕೆಲಸ ಮಾತ್ರ. ಅಲ್ಲಿಂದ ಮುಂದೆ ಎಂಜಿನ್ ಸೇದುವ ಗಾಳಿಯೇ ಪೆಟ್ರೋಲನ್ನು ಎತ್ತಿಕೊಂಡು ಹೋಗುತ್ತದೆ. ಒತ್ತಡ ಒಂದಿಷ್ಟು ಹೆಚ್ಚುಕಡಿಮೆಯಾದರೆ ನಷ್ಟವಿಲ್ಲ. ತೀರಾ ಹೆಚ್ಚಾದರೆ ಸೂಜಿ ಬಾಗಿಲು ಸೋತು ಪೆಟ್ರೋಲ್ ಉಕ್ಕುತ್ತದೆ.

ಇಂಜೆಕ್ಟರ್ ಬೇರೆ ಜಾತಿ. ಕೂದಲೆಳೆಯಂಥ ರಂಧ್ರಗಳು ಕೆಲವೇ ಮಿಲಿಸೆಕೆಂಡು ತೆರೆದು ಮುಚ್ಚುತ್ತವೆ. ಎಷ್ಟು ಪೆಟ್ರೋಲ್ ಹೋಯಿತೆಂದು ಅಳೆಯುವ ಸಾಧನ ಅಲ್ಲಿಲ್ಲ. ಎಷ್ಟು ಹೊತ್ತು ತೆರೆದಿತ್ತು ಎಂಬುದರಿಂದ ಕಂಪ್ಯೂಟರ್ ಅಂದಾಜು ಮಾಡುತ್ತದೆ. ಈ ಅಂದಾಜು ನಿಲ್ಲಬೇಕಾದರೆ ಹಿಂದಿನ ಒತ್ತಡ ಗೊತ್ತಿರುವಷ್ಟೇ ಇರಬೇಕು. ಒತ್ತಡ ನಾಲ್ಕನೇ ಒಂದು ಭಾಗಕ್ಕೆ ಇಳಿದರೆ ಪೆಟ್ರೋಲ್ ಅರ್ಧಕ್ಕೆ ಇಳಿಯುತ್ತದೆ. ಕಂಪ್ಯೂಟರಿಗೆ ಸುಳಿವೇ ಇರುವುದಿಲ್ಲ. ನುಣ್ಣಗೆ ಸಿಂಪಡಿಸಲೂ ಒತ್ತಡ ಬೇಕು, ಇಲ್ಲವಾದರೆ ತುಂತುರಿನ ಬದಲು ತೊಟ್ಟಿಕ್ಕುತ್ತದೆ.

ಇದರ ಜೊತೆಗೆ ಬಿಟ್ಟಿ ಸಿಗುವ ಲಾಭವೊಂದಿದೆ, ನನ್ನ ಪ್ರಕಾರ ಅದೇ ದೊಡ್ಡದು. ಮಾಪಕ 58 ತೋರಿಸಿದಾಗ ವಾತಾವರಣದ್ದೂ ಸೇರಿ ಪೆಟ್ರೋಲಿನ ಮೇಲಿರುವ ಒತ್ತಡ ಎಪ್ಪತ್ತನ್ನು ದಾಟುತ್ತದೆ. ಈಗ ಆವಿ ಅಷ್ಟನ್ನು ಗೆದ್ದು ಏಳಬೇಕು. ಬಾನೆಟ್ಟಿನೊಳಗಿನ ಪೈಪು ನೂರು ಡಿಗ್ರಿಯ ಹತ್ತಿರಕ್ಕೆ ಕಾದರೂ ಪೆಟ್ರೋಲ್ ದ್ರವವಾಗಿಯೇ ಇರುತ್ತದೆ. ಎಳೆಯುವ ಪಂಪು ಒತ್ತಡ ಇಳಿಸಿ ಕುದಿಯಲು ದಾರಿ ಮಾಡಿಕೊಡುತ್ತಿತ್ತು. ನೂಕುವ ಪಂಪು ಅದೇ ಪೈಪಿನಲ್ಲಿ ಒತ್ತಡ ಏರಿಸಿ ಕುದಿತವನ್ನು ಅದುಮಿ ಹಿಡಿಯುತ್ತದೆ. ಪಂಪು ಪೈಪಿನ ಯಾವ ತುದಿಯಲ್ಲಿದೆ ಎನ್ನುವುದರಿಂದಲೇ ಇಷ್ಟೆಲ್ಲ.

ಅಂದಮೇಲೆ ವಿದ್ಯುತ್ ಪಂಪೊಂದನ್ನು ಕೊಂಡು ಚಾಸಿಸ್ ಪಟ್ಟಿಗೆ ಹೊರಗಡೆಯೇ ಬಿಗಿದರಾಗದೆ? ತುಂಬಾ ಮಂದಿ ಹಾಗೆಯೇ ಮಾಡುತ್ತಾರೆ, ಟ್ಯಾಂಕು ಇಳಿಸುವ ರಗಳೆ ತಪ್ಪುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ಹಳೆಯ ಟ್ಯಾಂಕಿನ ಹೀರುಗೊಳವೆ ಮೇಲಿನಿಂದ ಇಳಿದಿರುತ್ತದೆ. ಹೊರಗಿನ ಪಂಪು ಮೊದಲು ಪೆಟ್ರೋಲನ್ನು ಆ ಕೊಳವೆಯಲ್ಲಿ ಎಳೆದೇ ನೂಕಬೇಕು. ಬಾವಿಯ ಅಟ್ಟಕ್ಕೆ ಇಳಿದೆವೇ ಹೊರತು ನೀರಿಗೆ ಇಳಿಯಲಿಲ್ಲ. ಕೆಳಗಿಂದ ಸೈಲೆನ್ಸರ್ ಪೈಪಿನ ಕಾವು, ಮೇಲೆ ಕಿವಿಗೆ ಬಡಿಯುವ ಕೀರಲು ಸದ್ದು ಬೇರೆ.

ಪೆಟ್ರೋಲಿನಲ್ಲಿ ಮುಳುಗಿದ ಮೋಟಾರಿಗೆ ಬೆಂಕಿ?

ಟ್ಯಾಂಕಿನೊಳಗಿನ ಪಂಪೆಂದರೆ ಸುಮಾರು ಟಾರ್ಚಿನ ಗಾತ್ರದ ಕೊಳವೆ. ಒಳಗೆ ಕಾರ್ಬನ್ ಬ್ರಷ್ ಇರುವ ಸಾಧಾರಣ ಮೋಟಾರು. ಪೆಟ್ರೋಲ್ ಆ ಮೋಟಾರಿನ ಮೈ ಸವರಿಕೊಂಡೇ ಹರಿಯುತ್ತದೆ. ಬ್ರಷ್ ಇದ್ದಲ್ಲಿ ಕಿಡಿ ಇರುತ್ತದೆ. ಆದರೂ ಹೊತ್ತುವುದಿಲ್ಲ.

ಹೊತ್ತಲು ಗಾಳಿ ಬೇಕು, ಅದೂ ಅಳತೆಯಲ್ಲಿ. ಗಾಳಿಯಲ್ಲಿ ಪೆಟ್ರೋಲ್ ಆವಿ ಸುಮಾರು ಶೇಕಡಾ 1.4ರಿಂದ 7.6ರ ನಡುವೆ ಇದ್ದರೆ ಮಾತ್ರ ಬೆಂಕಿ ಹತ್ತುತ್ತದೆ. ಮೋಟಾರಿನ ಸುತ್ತ ಇರುವುದು ಬರೀ ದ್ರವ, ಅಲ್ಲಿ ಗಾಳಿಯೇ ಇಲ್ಲ. ದ್ರವದ ಮೇಲಿನ ಖಾಲಿ ಜಾಗದಲ್ಲಿ ಗಾಳಿ ಇದೆ, ಆದರೆ ನಮ್ಮ ಹವೆಯಲ್ಲಿ ಅಲ್ಲಿನ ಆವಿಯ ಪ್ರಮಾಣ ಆ ಮೇಲ್ಮಿತಿಯನ್ನು ಎಷ್ಟೋ ಪಟ್ಟು ಮೀರಿರುತ್ತದೆ. ಟ್ಯಾಂಕಿನ ಒಳಗಿಗಿಂತ ಹೊರಗೆ ಚೆಲ್ಲಿದ ಪೆಟ್ರೋಲೇ ಹೆಚ್ಚು ಅಪಾಯ. ಮುಳುಗಿರುವುದರಿಂದ ಮೋಟಾರಿಗೆ ತಂಪೂ ಸಿಕ್ಕಿತು, ಎಣ್ಣೆಯೂ ಸಿಕ್ಕಿತು. ಯಾವಾಗಲೂ ಟ್ಯಾಂಕಿನ ತಳ ಕೆರೆದುಕೊಂಡು ಓಡಾಡಬೇಡಿ ಎಂದು ಮೆಕ್ಯಾನಿಕ್‌ಗಳು ಬೈಯುವುದರ ಹಿಂದೆ ಈ ತಂಪಿನ ಲೆಕ್ಕವೇ ಇದೆ.

ಸ್ಕ್ವೇರ್‌ಬಾಡಿ ಟ್ರಕ್ಕಿನ ಮಟ್ಟಿಗೆ ಬೆಂಕಿಯ ಮಾತು ಸುಮ್ಮನೆ ಬಂದದ್ದಲ್ಲ. ಅದರ ಟ್ಯಾಂಕುಗಳು ಚಾಸಿಸ್ ಪಟ್ಟಿಗಳ ಹೊರಗೆ, ಗಾಡಿಯ ಪಕ್ಕೆಯಲ್ಲಿದ್ದವು. ಪಕ್ಕದಿಂದ ಡಿಕ್ಕಿಯಾದಾಗ ಹೊತ್ತಿಕೊಳ್ಳುತ್ತವೆ ಎಂಬ ವಿವಾದ ವರ್ಷಗಟ್ಟಲೆ ನಡೆದು, 1994ರ ಕೊನೆಯಲ್ಲಿ ಜನರಲ್ ಮೋಟಾರ್ಸ್ ಮತ್ತು ಅಮೆರಿಕದ ಸಾರಿಗೆ ಇಲಾಖೆ ರಾಜಿಗೆ ಬಂದವು. ಸುರಕ್ಷತಾ ಕಾರ್ಯಕ್ರಮಗಳಿಗೆ ಕಂಪನಿ ಐದು ಕೋಟಿ ಡಾಲರಿಗೂ ಹೆಚ್ಚು ಕೊಡಲು ಒಪ್ಪಿತು. ಎಂಜಿನ್ ಬದಲಿಸುವವರಲ್ಲಿ ಕೆಲವರು ಇದೇ ನೆಪದಲ್ಲಿ ಪಕ್ಕದ ಟ್ಯಾಂಕು ಕಿತ್ತು, ಅದೇ ಕಾಲದ ಬ್ಲೇಜರ್ ಗಾಡಿಯ ಟ್ಯಾಂಕನ್ನು ಹಿಂಭಾಗದಲ್ಲಿ, ಎರಡು ಪಟ್ಟಿಗಳ ನಡುವೆ ತೂಗುಹಾಕುತ್ತಾರೆ. 58 ಪಿಎಸ್‌ಐ ಪೆಟ್ರೋಲಿಗೆ ಅದು ಹೆಚ್ಚು ಮರ್ಯಾದಸ್ಥ ಜಾಗ.

ಟ್ಯಾಂಕು ಇಳಿಸಿದ ಮೇಲೆ

1987ರ ಮಾದರಿಯಲ್ಲೇ ಈ ಟ್ರಕ್ಕುಗಳಿಗೆ ಆರಂಭದ ಬಗೆಯ ಇಂಜೆಕ್ಷನ್ ಬಂದಿತ್ತು, ಅದರೊಂದಿಗೆ ಟ್ಯಾಂಕಿನೊಳಗಿನ ಪಂಪೂ. ಆ ಪಂಪು ಕೊಡುತ್ತಿದ್ದದ್ದು 9ರಿಂದ 13 ಪಿಎಸ್‌ಐ ಮಾತ್ರ. ಆದರೆ ಪಂಪನ್ನು ತೂಗುಹಾಕುವ ಚೌಕಟ್ಟು, ಮುಚ್ಚಳ, ಪೆಟ್ರೋಲ್ ಮಟ್ಟ ತೋರಿಸುವ ತೇಲುಬುಂಡೆ ಎಲ್ಲ ಸಿದ್ಧವಾಗಿ ಸಿಗುತ್ತವೆ. ಕಸುಬು ಬಲ್ಲವರು ಆ ಚೌಕಟ್ಟು ತಂದು, ಹಳೆಯ ಪಂಪು ತೆಗೆದು, ಗಂಟೆಗೆ 255 ಲೀಟರ್ ದರ್ಜೆಯ ಪಂಪೊಂದನ್ನು ಕೂರಿಸುತ್ತಾರೆ. 285 ಹಾರ್ಸ್‌ಪವರಿನ ಎಂಜಿನ್ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಗಂಟೆಗೆ 85–90 ಲೀಟರ್ ಕುಡಿಯುತ್ತದೆ. ಪಂಪಿನ ಹರಿವು ಒತ್ತಡ ಏರಿದಂತೆ ಇಳಿಯುವುದಾದರೂ ಇಷ್ಟು ಅಂತರ ಧಾರಾಳ.

ಪಂಪಿನ ತಲೆಯಿಂದ ಮುಚ್ಚಳದ ಪೈಪಿಗೆ ಗೇಣುದ್ದದ ರಬ್ಬರ್ ಹೋಸ್ ಬೇಕು. ಇಡೀ ಕೆಲಸದಲ್ಲಿ ಕಾಸಿಗೆ ಕಡಿಮೆಯದು ಇದೇ, ತಲೆನೋವಿಗೆ ಹೆಚ್ಚಿನದೂ ಇದೇ. ಇಂಜೆಕ್ಷನ್‌ಗೆಂದೇ ಮಾರುವ ಒಳ್ಳೆಯ ಹೋಸ್ ಕೂಡ ಒಳಗಡೆ ಪೆಟ್ರೋಲ್ ತಡೆಯುವಂತೆ ಮಾಡಿದ್ದು, ಹೊರಮೈಯನ್ನು ಹಾಗೆ ಮಾಡಿರುವುದಿಲ್ಲ. ಟ್ಯಾಂಕಿನಲ್ಲಿ ಅದು ಎರಡೂ ಕಡೆಯಿಂದ ನೆನೆಯುತ್ತದೆ. ಕ್ರಮೇಣ ಹೊರಪದರ ಉಬ್ಬಿ, ಜಿಗುಟಾಗಿ, ಬೆರಳಿನಲ್ಲಿ ಉಜ್ಜಿದರೆ ಕಪ್ಪು ಮಸಿಯಂತೆ ಕಿತ್ತುಬರುತ್ತದೆ; ಕ್ಲಿಪ್ಪಿನ ಹಿಡಿತ ಸಡಿಲಿ ಒತ್ತಡವೆಲ್ಲ ಟ್ಯಾಂಕಿನೊಳಗೇ ಸೋರುತ್ತದೆ. ಮುಳುಗಿಸಲೆಂದೇ ಮಾಡಿದ ಹೋಸ್ ಬೇರೆ ಇದೆ, ಮೈಮೇಲೆ ಎಸ್‌ಎಇ 30ಆರ್10 ಎಂಬ ಗುರುತು. ಬೆಲೆ ಹಲವು ಪಟ್ಟು, ಅದನ್ನೇ ಹಾಕಬೇಕು.

ಹಳೆಯ ಟ್ಯಾಂಕಿಗೆ ಇನ್ನೊಂದು ಕೊರತೆ. ತಿರುವಿನಲ್ಲಿ ಪೆಟ್ರೋಲ್ ಒಂದು ಬದಿಗೆ ಹರಿದು ಹೀರುಬಾಯಿ ಕ್ಷಣಕಾಲ ಗಾಳಿ ನುಂಗುತ್ತದೆ. ಕಾರ್ಬ್ಯುರೇಟರಿನ ಕಾಲದಲ್ಲಿ ಅದರ ತೊಟ್ಟಿಯಲ್ಲಿ ಕೆಲವು ಸೆಕೆಂಡಿಗಾಗುವ ದಾಸ್ತಾನು ಇದ್ದುದರಿಂದ ಇದು ಯಾರ ಗಮನಕ್ಕೂ ಬರುತ್ತಿರಲಿಲ್ಲ. ಇಂಜೆಕ್ಟರಿನ ಹಿಂದೆ ದಾಸ್ತಾನಿಲ್ಲ. ಒಂದು ಗುಳ್ಳೆ ಬಂದರೂ ಎಂಜಿನ್ ಮುಗ್ಗರಿಸುತ್ತದೆ. ಹಾಗಾಗಿ ಪಂಪಿನ ಸುತ್ತ ಪೆಟ್ರೋಲ್ ಹಿಡಿದಿಡುವ ಬಟ್ಟಲೋ ತಡೆಗೋಡೆಯೋ ಇರಲೇಬೇಕು.

ಇನ್ನು ಒತ್ತಡವನ್ನು 58ಕ್ಕೇ ನಿಲ್ಲಿಸುವ ರೆಗ್ಯುಲೇಟರ್. ಇಲ್ಲಿ ಮತ್ತೆ ಪೊರೆ, ಮತ್ತೆ ಸ್ಪ್ರಿಂಗು: ಒತ್ತಡ ಸ್ಪ್ರಿಂಗನ್ನು ಗೆದ್ದರೆ ಪೊರೆ ಸರಿದು ಹೆಚ್ಚುವರಿ ಪೆಟ್ರೋಲನ್ನು ಟ್ಯಾಂಕಿಗೆ ವಾಪಸ್ ಬಿಡುತ್ತದೆ. ಐಡ್ಲಿಂಗ್‌ನಲ್ಲಿ ಎಂಜಿನ್ ಗಂಟೆಗೆ ಎರಡು ಲೀಟರಿನಷ್ಟು ಕುಡಿಯುವಾಗ ಪಂಪು ಕಳಿಸಿದ್ದೆಲ್ಲ ಹೆಚ್ಚುಕಡಿಮೆ ವಾಪಸ್ಸೇ. ಈ ವಾಪಸಾತಿ ಎಂಜಿನ್ನಿನವರೆಗೆ ಹೋಗಿ ಬಂದರೆ ಅಲ್ಲಿನ ಕಾವನ್ನು ಹೊತ್ತು ತಂದು ಟ್ಯಾಂಕನ್ನೇ ಬೆಚ್ಚಗೆ ಮಾಡುತ್ತದೆ. 1999ರಿಂದ 2003ರವರೆಗಿನ ಕಾರ್ವೆಟ್ ಕಾರಿನಲ್ಲಿ ಫಿಲ್ಟರ್ ಮತ್ತು ರೆಗ್ಯುಲೇಟರ್ ಎರಡೂ ಒಂದೇ ಡಬ್ಬಿಯಲ್ಲಿದ್ದವು. ಮೂರು ಮೂತಿ, ಒತ್ತಡ ಕಾರ್ಖಾನೆಯಲ್ಲೇ 58ಕ್ಕೆ ಹೊಂದಿಸಿದ್ದು. ಅದನ್ನು ಟ್ಯಾಂಕಿನ ಪಕ್ಕದಲ್ಲಿ ಬಿಗಿದರೆ ವಾಪಸ್ ಪೈಪು ಮೊಳದುದ್ದಕ್ಕೆ ಮುಗಿಯುತ್ತದೆ, ಎಂಜಿನ್ನಿಗೆ ಒಂದೇ ಪೈಪು. ಎಂಜಿನ್ ಬದಲಿಸುವವರಿಗೆ ಇದು ಮನೆಮಾತು.

ಇಲ್ಲೊಂದು ಸೂಕ್ಷ್ಮವಿದೆ, ಅನುಭವಸ್ಥರೂ ಎಡವುವಂಥದ್ದು. 5.3 ಎಂಜಿನ್ನಿನ ಮೊದಲ ವರ್ಷಗಳ ಟ್ರಕ್ಕುಗಳಲ್ಲಿ ರೆಗ್ಯುಲೇಟರ್ ಎಂಜಿನ್ನಿನ ಮೇಲಿತ್ತು. ಎಂಜಿನ್ ಗಾಳಿ ಸೇದುವ ಕೊಳವೆಗೂ ಅದಕ್ಕೂ ಒಂದು ಸಣ್ಣ ಪೈಪಿನ ನಂಟಿತ್ತು. ಐಡ್ಲಿಂಗ್‌ನಲ್ಲಿ ಆ ಕೊಳವೆಯೊಳಗಿನ ಒತ್ತಡ ಹೊರಗಿನದಕ್ಕಿಂತ ಹತ್ತು ಪಿಎಸ್‌ಐನಷ್ಟು ಕಡಿಮೆ. ಇಂಜೆಕ್ಟರಿನ ಮೂತಿ ಇರುವುದು ಅಲ್ಲೇ ಆದ್ದರಿಂದ, ರೆಗ್ಯುಲೇಟರ್ ಪೆಟ್ರೋಲಿನ ಒತ್ತಡವನ್ನೂ ಅಷ್ಟೇ ಇಳಿಸಿ ವ್ಯತ್ಯಾಸವನ್ನು ಸದಾ 58ಕ್ಕೆ ಕಾಯುತ್ತಿತ್ತು. ಕಾರ್ವೆಟ್ ಡಬ್ಬಿಗೆ ಆ ನಂಟಿಲ್ಲ, ಅದು ಎಂದೆಂದೂ 58. ಹಾಗಾಗಿ ಐಡ್ಲಿಂಗ್‌ನಲ್ಲಿ ಇಂಜೆಕ್ಟರಿನ ಎರಡು ಕಡೆಗಳ ವ್ಯತ್ಯಾಸ 68 ಆಗಿ, ಕಂಪ್ಯೂಟರ್ ಎಣಿಸಿದ್ದಕ್ಕಿಂತ ಶೇಕಡಾ 8ರಷ್ಟು ಹೆಚ್ಚು ಪೆಟ್ರೋಲ್ ಹೋಗುತ್ತದೆ. ಡಬ್ಬಿ ಬದಲಿಸಿದವರು ಕಂಪ್ಯೂಟರಿನಲ್ಲಿರುವ ಇಂಜೆಕ್ಟರ್ ಹರಿವಿನ ಕೋಷ್ಟಕವನ್ನೂ ತಿದ್ದಬೇಕು.

ಪಂಪಿಗೆ ಕರೆಂಟು ಕೊಡುವವನೂ ಅದೇ ಕಂಪ್ಯೂಟರ್. ಕೀಲಿ ತಿರುಗಿಸಿದಾಗ ಎರಡು ಸೆಕೆಂಡು ಪಂಪನ್ನು ಓಡಿಸಿ ಪೈಪು ತುಂಬಿಸಿಕೊಳ್ಳುತ್ತದೆ. ಎಂಜಿನ್ ತಿರುಗುತ್ತಿರುವ ಸುದ್ದಿ ಬರದಿದ್ದರೆ ನಿಲ್ಲಿಸಿಬಿಡುತ್ತದೆ. ಅಪಘಾತದಲ್ಲಿ ಎಂಜಿನ್ ನಿಂತರೆ ಮುರಿದ ಪೈಪಿನಿಂದ ಪೆಟ್ರೋಲ್ ಚಿಮ್ಮುತ್ತಲೇ ಇರಬಾರದಲ್ಲ. ಹಳೆಯ ಪಂಪಿಗೆ ಈ ವಿವೇಕ ಹುಟ್ಟಿನಿಂದಲೇ ಇತ್ತು, ಎಂಜಿನ್ ನಿಂತರೆ ಅದೂ ನಿಲ್ಲುತ್ತಿತ್ತು. ವಿದ್ಯುತ್ ಪಂಪನ್ನು ನೇರವಾಗಿ ಕೀಲಿಗೆ ಕಟ್ಟಿಬಿಡುವವರು ಇದನ್ನು ಮರೆಯುತ್ತಾರೆ.

(ನಮ್ಮಲ್ಲಿ ಯಾರಿಗಾದರೂ ಹುರುಪು ಬಂದಿದ್ದರೆ ಒಂದು ಮಾತು: ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಎಂಜಿನ್ ಬದಲಾವಣೆ ಆರ್‌ಟಿಒ ಕಚೇರಿಯನ್ನು ದಾಟಿ ಬರಬೇಕಾದ ವಿಷಯ.)

ಎಲ್ಲ ಜೋಡಿಸಿದ ಮೇಲೆ ಇಂಜೆಕ್ಟರುಗಳ ಪೈಪಿಗೆ ಮಾಪಕ ಸಿಕ್ಕಿಸಿ ನೋಡುವುದು ವಾಡಿಕೆ. ಐಡ್ಲಿಂಗ್‌ನಲ್ಲಿ 58 ನಿಂತಿತೆಂದು ಖುಷಿಪಡಬಾರದು, ಅಲ್ಲಿ ಪಂಪಿಗೆ ಕೆಲಸವೇ ಇರುವುದಿಲ್ಲ. ಪೂರ್ತಿ ಆಕ್ಸಿಲರೇಟರ್ ಒತ್ತಿ ಏರು ಹತ್ತಿಸುವಾಗ ಮುಳ್ಳು ಜಾರಿತೇ ನೋಡಬೇಕು. ಜಾರಿದರೆ ಹೊಸ ಪಂಪಿಗೆ ಓಡುವ ಮೊದಲು ಫಿಲ್ಟರ್ ಕಟ್ಟಿಲ್ಲವಲ್ಲ ಎಂದು ನೋಡಿ, ಪಂಪಿನ ಎರಡು ತುದಿಗಳಲ್ಲೇ ವೋಲ್ಟೇಜ್ ಅಳೆಯಬೇಕು. ಬ್ಯಾಟರಿಯಲ್ಲಿ ಹದಿಮೂರೂವರೆ ಇದ್ದು ಪಂಪಿನಲ್ಲಿ ಹನ್ನೊಂದೂವರೆ ಸಿಕ್ಕರೆ ತಪ್ಪು ನಲವತ್ತು ವರ್ಷ ಹಳೆಯ ತೆಳು ವೈರಿನದು, ಇಲ್ಲವೇ ತುಕ್ಕು ಹಿಡಿದ ಅರ್ಥಿಂಗ್ ಬೋಲ್ಟಿನದು. ಬ್ಯಾಟರಿಯಿಂದ ಫ್ಯೂಸ್ ಹಾಕಿದ ದಪ್ಪ ವೈರೊಂದನ್ನು ನೇರವಾಗಿ ಟ್ಯಾಂಕಿನ ಬಳಿಗೆ ಎಳೆದು, ಅಲ್ಲೊಂದು ರಿಲೇ ಕೂರಿಸಿ, ಬೋಲ್ಟಿನ ಕೆಳಗಿನ ಬಣ್ಣ ಕೆರೆದು ಬಿಗಿದರೆ ಅದೇ ಪಂಪು 58 ಕೊಡುತ್ತದೆ.